ಎಂಪ್ರಿಂಟ್‌ನಲ್ಲಿ ಸರಿಯಾಗಿ ಕಾಣುವ ಕೋಡಿಗೆ ಎರರ್ ಯಾಕೆ? ಸ್ಯಾಸ್ ಮ್ಯಾಕ್ರೋದಲ್ಲಿ %ಅನ್‌ಕೋಟ್ ಎಲ್ಲಿ ಹಾಕಬೇಕು?

ಪ್ರಶ್ನೆ: ಆಂಪರ್‌ಸ್ಯಾಂಡ್

ಸ್ಯಾಸ್ (ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್) 9.4. ಮ್ಯಾಕ್ರೋ ವೇರಿಯಬಲ್‌ನ (ಕೋಡಿನೊಳಗೆ ಪಠ್ಯವಾಗಿ ಸೇರುವ ವೇರಿಯಬಲ್) ಮೌಲ್ಯವನ್ನು ಸಿಂಗಲ್ ಕೋಟ್‌ಗಳ ಒಳಗೆ ಕೂರಿಸಬೇಕು. ನೇರವಾಗಿ '&ಗುರುತು' ಎಂದು ಬರೆದರೆ ಒಳಗಿನದು ರಿಸಾಲ್ವ್ ಆಗುವುದಿಲ್ಲ, ಅಂದರೆ ಹೆಸರಿನ ಜಾಗಕ್ಕೆ ಮೌಲ್ಯ ಬರುವುದಿಲ್ಲ. ಡಬಲ್ ಕೋಟ್ ಹಾಕುವಂತಿಲ್ಲ, ಏಕೆಂದರೆ ಇದೇ ಮೌಲ್ಯ ಮುಂದೆ ಪಾಸ್-ಥ್ರೂ ಎಸ್‌ಕ್ಯೂಎಲ್‌ಗೂ (ಡೇಟಾಬೇಸ್‌ಗೆ ನೇರವಾಗಿ ಕಳಿಸುವ ಕ್ವೆರಿ) ಹೋಗಬೇಕು, ಆ ಡೇಟಾಬೇಸ್‌ನಲ್ಲಿ ಡಬಲ್ ಕೋಟ್ ಒಳಗಿರುವುದು ಕಾಲಂ ಹೆಸರು. ಹಾಗಾಗಿ ಚಿಹ್ನೆಗಳನ್ನು ಮಾಸ್ಕ್ ಮಾಡುವ, ಅಂದರೆ ಅವುಗಳ ವಿಶೇಷ ಅರ್ಥವನ್ನು ಮರೆಮಾಡುವ %ಸ್ಟ್ರ್ ಬಳಸಿದೆ. (ಓದಲು ಸುಲಭವಾಗಲೆಂದು ಕೋಡನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ. ನಿಜವಾದ ಪ್ರೋಗ್ರಾಮಿನಲ್ಲಿ ಮಾಮೂಲಿ ಇಂಗ್ಲಿಷ್ ಕೀವರ್ಡ್‌ಗಳೇ ಇವೆ.)

%ಮ್ಯಾಕ್ರೋ ಪರೀಕ್ಷೆ;
  %ಲೆಟ್ ಗುರುತು=ಕಖಗ;
  %ಲೆಟ್ ಕೋಟಿತ=%ಸ್ಟ್ರ್(%'&ಗುರುತು%');
  ಡೇಟಾ _ನಲ್_;
    ಫಲ = &ಕೋಟಿತ;
    ಪುಟ್ ಫಲ=;
  ರನ್;
%ಮೆಂಡ್;
%ಪರೀಕ್ಷೆ

ಓಡಿಸಿದರೆ ಎರರ್ 386-185 (ಅಂಕಗಣಿತದ ಎಕ್ಸ್‌ಪ್ರೆಶನ್ ಬೇಕಿತ್ತು) ಮತ್ತು 200-322 (ಈ ಚಿಹ್ನೆ ಗೊತ್ತಿಲ್ಲ). ಆದರೆ ಎಂಪ್ರಿಂಟ್ (ಮ್ಯಾಕ್ರೋ ಹುಟ್ಟಿಸಿದ ಕೋಡನ್ನು ಲಾಗ್‌ನಲ್ಲಿ ತೋರಿಸುವ ಆಪ್ಷನ್) ಆನ್ ಮಾಡಿ ನೋಡಿದರೆ ಲಾಗ್‌ನಲ್ಲಿರುವ ಸಾಲು ಇದು:

ಫಲ = 'ಕಖಗ';

ಇದೇ ಸಾಲನ್ನು ಲಾಗ್‌ನಿಂದ ಕಾಪಿ ಮಾಡಿ ಓಪನ್ ಕೋಡ್‌ನಲ್ಲಿ (ಮ್ಯಾಕ್ರೋದ ಹೊರಗೆ) ಓಡಿಸಿದರೆ ಯಾವ ತಕರಾರೂ ಇಲ್ಲ. ಒಂದೇ ಪಠ್ಯ ಒಂದು ಕಡೆ ಓಡಿ ಇನ್ನೊಂದು ಕಡೆ ಓಡದಿರುವುದು ಹೇಗೆ? ಮಾಸ್ಕ್ ಕಳಚುವ %ಅನ್‌ಕೋಟ್ ಹಾಕಿದರೆ ಸರಿಹೋಗುತ್ತದೆ ಎಂದು ಗೊತ್ತು. ಆದರೆ ಕಂಪೈಲರ್‌ಗೆ ಹೋಗುವಾಗ ಮಾಸ್ಕ್ ತಾನಾಗಿಯೇ ಕಳಚುತ್ತದೆ ಎಂದು ಡಾಕ್ಯುಮೆಂಟೇಶನ್ ಹೇಳುತ್ತದಲ್ಲ? ಹಾಗಿದ್ದ ಮೇಲೆ ಅದರ ಅಗತ್ಯವಾದರೂ ಏನು? ಅದನ್ನು %ಲೆಟ್‌ನಲ್ಲೇ ಹಾಕಬೇಕೋ, ಬಳಸುವ ಜಾಗದಲ್ಲೋ?

ಉತ್ತರ: ವರ್ಡ್‌ಸ್ಕ್ಯಾನರ್

ಮಾಸ್ಕ್ ತಾನಾಗಿ ಕಳಚುತ್ತದೆ ಎನ್ನುವುದು ನಿಜವೇ. ಆದರೆ ಕಳಚುವ ಹೊತ್ತಿಗೆ ಟೋಕನ್‌ಗಳನ್ನು (ಕೋಡಿನ ಬಿಡಿ ಪದ, ಚಿಹ್ನೆ, ಲಿಟರಲ್‌ಗಳನ್ನು) ಕತ್ತರಿಸಿ ಆಗಿರುತ್ತದೆ. ನಿಮ್ಮ ಎರರ್‌ಗೆ ಕಾರಣ ಅಷ್ಟೇ.

%ಸ್ಟ್ರ್, %ಬಿಕೋಟ್, %ಸೂಪರ್‌ಕ್ಯೂ ಇವು ಯಾವುವೂ ಪಠ್ಯದ ಸುತ್ತ ಕಣ್ಣಿಗೆ ಕಾಣುವ ಕೋಟ್ ಹಾಕುವುದಿಲ್ಲ. ಸೆಮಿಕೋಲನ್, ಕಾಮಾ, ಕೋಟ್, ಆಪರೇಟರ್ ಇಂಥ ಚಿಹ್ನೆಗಳ ಜಾಗದಲ್ಲಿ ಪ್ರಿಂಟ್ ಆಗದ ಬೇರೆ ಬೈಟ್‌ಗಳನ್ನು ಇಟ್ಟುಬಿಡುತ್ತವೆ. ಇವಕ್ಕೆ ಡೆಲ್ಟಾ ಕ್ಯಾರೆಕ್ಟರ್ ಎಂದು ಹೆಸರು. ನಿಮ್ಮ &ಕೋಟಿತ ಒಳಗಿರುವುದು ಕೋಟ್ ಅಲ್ಲ, ಕೋಟ್‌ನ ಬದಲಿಗೆ ಕೂತ ಡೆಲ್ಟಾ. ಅದನ್ನು ನೋಡಿದ, ಟೋಕನ್ ಕತ್ತರಿಸುವ ವರ್ಡ್ ಸ್ಕ್ಯಾನರ್‌ಗೆ "ಇಲ್ಲಿಂದ ಒಂದು ಸ್ಟ್ರಿಂಗ್ ಲಿಟರಲ್ ಶುರು, ಮುಂದಿನ ಕೋಟ್‌ವರೆಗೂ ಒಂದೇ ಟೋಕನ್" ಎಂದು ತಿಳಿಯುವ ದಾರಿಯೇ ಇಲ್ಲ. ಅದು ಕೋಟ್ ಒಂದು ಟೋಕನ್, ಕಖಗ ಇನ್ನೊಂದು, ಕೊನೆಯ ಕೋಟ್ ಮತ್ತೊಂದು ಎಂದು ಮೂರು ತುಂಡು ಮಾಡುತ್ತದೆ. ಆಮೇಲೆ ಮಾಸ್ಕ್ ಕಳಚಿ ಡೇಟಾ ಸ್ಟೆಪ್ ಕಂಪೈಲರ್‌ಗೆ ಒಪ್ಪಿಸುತ್ತದೆ. ಸಮ ಚಿಹ್ನೆಯ ನಂತರ ಒಂಟಿ ಕೋಟ್ ಬಂದದ್ದನ್ನು ಕಂಡ ಕಂಪೈಲರ್ 386 ಎನ್ನುತ್ತದೆ. ನಿಮ್ಮ ಲಾಗ್‌ನಲ್ಲಿ ಎರರ್‌ನ ಅಡಿಗೆರೆ ಎಲ್ಲಿ ಬಿದ್ದಿದೆ ನೋಡಿ. ಇಡೀ ಲಿಟರಲ್‌ನ ಕೆಳಗಲ್ಲ, ಮೊದಲ ಕೋಟ್‌ನ ಕೆಳಗೆ ಮಾತ್ರ ಒಂದು ಚಿಕ್ಕ ಗೆರೆ. ಆ ಗೆರೆಯ ಅಗಲವೇ ಟೋಕನ್‌ನ ಅಗಲ.

ಎಂಪ್ರಿಂಟ್ ತೋರಿಸುವುದು ಮಾಸ್ಕ್ ಕಳಚಿದ ಪಠ್ಯವನ್ನು. ಅದನ್ನು ಕಾಪಿ ಮಾಡಿದಾಗ ನಿಜವಾದ ಕೋಟ್ ಅಕ್ಷರ ಬರುತ್ತದೆ, ಸ್ಕ್ಯಾನರ್ ಅದನ್ನು ಹೊಸದಾಗಿ ಓದುತ್ತದೆ, ಓಡುತ್ತದೆ. ಅಂದರೆ ನೀವು ಓಡಿಸಿದ್ದು ಒಂದೇ ಪಠ್ಯ ಅಲ್ಲವೇ ಅಲ್ಲ.

%ಅನ್‌ಕೋಟ್ ಮಾಸ್ಕನ್ನು ಮೊದಲೇ ಕಳಚಿ ಪಠ್ಯವನ್ನು ಮತ್ತೆ ಸ್ಕ್ಯಾನರ್‌ಗೆ ಕೊಡುತ್ತದೆ, ಟೋಕನ್ ಮಾಡುವುದು ಆಮೇಲೆ:

ಫಲ = %ಅನ್‌ಕೋಟ್(&ಕೋಟಿತ);

ಹೀಗೆ ಬರೆದರೆ &ಕೋಟಿತ ಬದಲಾಗುವುದಿಲ್ಲ. ಆ ಒಂದು ಜಾಗಕ್ಕೆ ಬಂದ ಫಲಿತಾಂಶದ ಮಾಸ್ಕ್ ಮಾತ್ರ ಹೋಗುತ್ತದೆ. ನಾಲ್ಕು ಕಡೆ ಬಳಸಿದರೆ ನಾಲ್ಕು ಕಡೆಯೂ ಬರೆಯಬೇಕು.

ಎಲ್ಲಿ ಹಾಕಬೇಕು ಎಂಬುದಕ್ಕೆ: ನಿಮ್ಮ ಸಣ್ಣ ಉದಾಹರಣೆಯಲ್ಲಿ ಎರಡೂ ನಡೆಯುತ್ತದೆ. %ಲೆಟ್ ಕೋಟಿತ=%ಅನ್‌ಕೋಟ್(%ಸ್ಟ್ರ್(%'&ಗುರುತು%')); ಎಂದು ಬರೆದರೆ ವೇರಿಯಬಲ್‌ನಲ್ಲೇ ಬರಿಯ 'ಕಖಗ' ಉಳಿಯುತ್ತದೆ. ಆದರೂ ನಾನು ಬಳಸುವ ಜಾಗದಲ್ಲೇ ಹಾಕುತ್ತೇನೆ. ಮಾಸ್ಕ್ ಹಾಕಿದ ಉದ್ದೇಶವೇ ದಾರಿಯಲ್ಲಿ ಬರುವ %ಇಫ್, %ಸ್ಕ್ಯಾನ್, ಬೇರೆ ಮ್ಯಾಕ್ರೋಗಳ ಪ್ಯಾರಾಮೀಟರ್ ಪಟ್ಟಿ ಇವುಗಳಿಂದ ಆ ಚಿಹ್ನೆಗಳನ್ನು ಕಾಪಾಡುವುದು. ಮ್ಯಾಕ್ರೋ ಪ್ರೊಸೆಸರ್‌ನ ಕೆಲಸವೆಲ್ಲ ಮುಗಿದು ಪಠ್ಯ ಇನ್ನೇನು ಸ್ಯಾಸ್ ಸ್ಟೇಟ್‌ಮೆಂಟ್ ಆಗಬೇಕು ಎನ್ನುವ ತನಕ ಅದು ಇರಲಿ.

ಇನ್ನೊಂದು ಮಾತು. ಕಂಪೈಲರ್ ಮತ್ತು %ಅನ್‌ಕೋಟ್ ಬಿಟ್ಟು ಮಾಸ್ಕ್ ಕಳಚುವ ಮೂರನೇ ದಾರಿಯೂ ಇದೆ: %ಸ್ಕ್ಯಾನ್, %ಸಬ್‌ಸ್ಟ್ರ್, %ಅಪ್‌ಕೇಸ್. ಇವುಗಳಿಗೆ ಮಾಸ್ಕ್ ಆದ ಮೌಲ್ಯ ಕೊಟ್ಟರೂ ಹಿಂದಿರುಗುವುದು ಮಾಸ್ಕ್ ಇಲ್ಲದ ಪಠ್ಯ. ಬಹಳ ಮಂದಿ ಎಡವುವುದು ಇಲ್ಲೇ. ಮೇಲೆ ಶಿಸ್ತಾಗಿ %ಬಿಕೋಟ್ ಹಾಕಿ, ಕೆಳಗೆ %ಅಪ್‌ಕೇಸ್ ಮಾಡಿದ ಕ್ಷಣ ಕಾಮಾ, ಸೆಮಿಕೋಲನ್ ಎಲ್ಲ ಜೀವಂತ. ಮಾಸ್ಕ್ ಉಳಿಯಬೇಕಿದ್ದರೆ %ಕ್ಯೂಸ್ಕ್ಯಾನ್, %ಕ್ಯೂಸಬ್‌ಸ್ಟ್ರ್, %ಕ್ಯೂಅಪ್‌ಕೇಸ್. ಮ್ಯಾಕ್ರೋದಲ್ಲಿ ಸ್ಯಾಸ್ ಫಂಕ್ಷನ್ ಕರೆಯುವ %ಸಿಸ್‌ಫಂಕ್ ಬದಲಿಗೆ %ಕ್ಯೂಸಿಸ್‌ಫಂಕ್.

ಉತ್ತರ: ಲಾಗ್_ಓದುಗ

ಮೇಲಿನ ವಿವರಣೆಗೆ ಪತ್ತೆ ಹಚ್ಚುವ ಕ್ರಮವನ್ನು ಸೇರಿಸುತ್ತೇನೆ. ಎಂಪ್ರಿಂಟ್‌ನಲ್ಲಿ ಕೋಡ್ ಸರಿ, ಆದರೂ ಎರರ್ ಎಂದ ಕೂಡಲೇ ಮಾಸ್ಕಿಂಗ್ ಮೇಲೆ ಅನುಮಾನ ಪಡಿ. ಖಚಿತ ಮಾಡಿಕೊಳ್ಳಲು:

ಆಪ್ಷನ್ಸ್ ಸಿಂಬಲ್‌ಜೆನ್ ಹಾಕಿ, ವೇರಿಯಬಲ್ ಏನೆಂದು ರಿಸಾಲ್ವ್ ಆಯಿತು ಎಂದು ಲಾಗ್‌ಗೆ ಬರೆಯುತ್ತದೆ. &ಕೋಟಿತ ರಿಸಾಲ್ವ್ ಆದ ಸಾಲಿನ ಕೆಳಗೆ, ಮೇಲಿನ ಮೌಲ್ಯದಲ್ಲಿ ಮ್ಯಾಕ್ರೋ ಕೋಟಿಂಗ್‌ಗೆ ಒಳಗಾದ ಕೆಲವು ಅಕ್ಷರಗಳನ್ನು ಪ್ರಿಂಟ್‌ಗಾಗಿ ಅನ್‌ಕೋಟ್ ಮಾಡಲಾಗಿದೆ ಎಂಬರ್ಥದ ಸಾಲೊಂದು ಬರುತ್ತದೆ. ಅದು ಬಂತೆಂದರೆ ಅಲ್ಲಿ ಮಾಸ್ಕ್ ಇದೆ. ಜನ ಆ ಸಾಲನ್ನು ಗದ್ದಲ ಎಂದುಕೊಂಡು ದಾಟಿಬಿಡುತ್ತಾರೆ. ಈ ಇಡೀ ವಿಷಯದಲ್ಲಿ ಲಾಗ್ ನೇರವಾಗಿ ಬಾಯಿಬಿಡುವುದು ಅಲ್ಲಿ ಮಾತ್ರ.

%ಪುಟ್ &ಕೋಟಿತ; ಎಂದು ಬರೆದು ನೋಡುವುದರಿಂದ ಪ್ರಯೋಜನವಿಲ್ಲ. %ಪುಟ್ ಕೂಡ ಮಾಸ್ಕ್ ಕಳಚಿಯೇ ತೋರಿಸುತ್ತದೆ. %ಪುಟ್ _ಯೂಸರ್_; ಅಥವಾ %ಪುಟ್ _ಲೋಕಲ್_; ಎಂದರೆ ಇದ್ದದ್ದನ್ನು ಇದ್ದಂತೆ ಬರೆಯುತ್ತದೆ, ಡೆಲ್ಟಾ ಇರುವ ಕಡೆ ಚೌಕವೋ ವಿಚಿತ್ರ ಚಿಹ್ನೆಯೋ ಕಾಣುತ್ತದೆ.

ದೊಡ್ಡ ಮ್ಯಾಕ್ರೋ ಆದರೆ ಎಂಫೈಲ್ ಅನುಕೂಲ. ಎಂಪ್ರಿಂಟ್ ಎಂಬ ಹೆಸರಿನಲ್ಲೇ ಒಂದು ಫೈಲ್‌ರೆಫ್ (ಫೈಲಿಗೆ ಇಡುವ ಅಡ್ಡಹೆಸರು) ಕೊಟ್ಟು, ಆಪ್ಷನ್ಸ್ ಎಂಪ್ರಿಂಟ್ ಎಂಫೈಲ್; ಹಾಕಿ. ಎಂಪ್ರಿಂಟ್ ಇಲ್ಲದೆ ಎಂಫೈಲ್ ಒಂದೇ ಕೆಲಸ ಮಾಡದು. ಹುಟ್ಟಿದ ಕೋಡೆಲ್ಲ ಆ ಫೈಲಿಗೆ ಹೋಗುತ್ತದೆ. ಅದನ್ನು %ಇನ್‌ಕ್ಲೂಡ್ ಮಾಡಿ ಓಡಿಸಿ. ಫೈಲ್ ಓಡಿ ಮ್ಯಾಕ್ರೋ ಓಡದಿದ್ದರೆ ಎಲ್ಲೋ ಒಂದು %ಅನ್‌ಕೋಟ್ ಬಾಕಿ ಇದೆ. ಎರಡೂ ಓಡದಿದ್ದರೆ ತಪ್ಪು ಕೋಡಿನಲ್ಲೇ ಇದೆ, ಮಾಸ್ಕಿಂಗ್ ಮೇಲೆ ಗೂಬೆ ಕೂರಿಸಬೇಡಿ.

ಕೋಟ್ ಇಲ್ಲದ ಕಡೆಯೂ ಇದು ಕಾಡುತ್ತದೆ. ಡೇಟಾಸೆಟ್ ಹೆಸರನ್ನು ತುಂಡು ತುಂಡಾಗಿ ಜೋಡಿಸುವಾಗ, ಉದಾಹರಣೆಗೆ ಪಟ್ಟಿ_%ಕ್ಯೂಸ್ಕ್ಯಾನ್(&ವರ್ಷಗಳು,1), ಒಂದೇ ಹೆಸರಾಗಬೇಕಾದದ್ದು ಎರಡು ಟೋಕನ್ ಆಗಿ ಒಡೆಯಬಹುದು. ಅಲ್ಲಿ ಮಾಸ್ಕ್ ಬೇಕಾಗಿಯೇ ಇಲ್ಲ, %ಸ್ಕ್ಯಾನ್ ಸಾಕು. ಮುಂಜಾಗ್ರತೆಗೆಂದು ಎಲ್ಲದಕ್ಕೂ ಕ್ಯೂ ಸೇರಿಸುವ ಅಭ್ಯಾಸದಿಂದ ಆಗುವ ಕಿರಿಕಿರಿ ಇದು.

ಆಂಪರ್‌ಸ್ಯಾಂಡ್:

ಅಡಿಗೆರೆ ನೋಡಿದೆ, ಮೊದಲ ಕೋಟ್‌ನ ಕೆಳಗೇ ಇದೆ. ಬಳಸುವ ಜಾಗದಲ್ಲಿ %ಅನ್‌ಕೋಟ್ ಹಾಕಿದ್ದಕ್ಕೆ ಸರಿಹೋಯಿತು.

ಮುಂದಿನ ತೊಡಕು: ನಿಜವಾದ ಮೌಲ್ಯಗಳು ಡೇಟಾದಿಂದ ಕಾಲ್ ಸಿಮ್‌ಪುಟ್‌ಎಕ್ಸ್ (ಡೇಟಾ ಸ್ಟೆಪ್‌ನಿಂದ ಮ್ಯಾಕ್ರೋ ವೇರಿಯಬಲ್‌ಗೆ ಮೌಲ್ಯ ತುಂಬುವ ರೊಟೀನ್) ಮೂಲಕ ಬರುತ್ತವೆ. ಅವುಗಳಲ್ಲಿ ಓ'ನೀಲ್ ಥರದ ಹೆಸರುಗಳೂ ಇವೆ, ಎ&ಬಿ ಥರದವೂ ಇವೆ. ಮೊದಲನೆಯದಕ್ಕೆ ಕೋಟ್ ಮುಗಿಯದೆ ಉಳಿದ ಪ್ರೋಗ್ರಾಮನ್ನೆಲ್ಲ ನುಂಗುತ್ತದೆ. ಎರಡನೆಯದನ್ನು ಶೀರ್ಷಿಕೆಗೆ ಹಾಕಿದರೆ &ಬಿ ರಿಸಾಲ್ವ್ ಆಗಲಿಲ್ಲ ಎಂಬ ವಾರ್ನಿಂಗ್. %ಸೂಪರ್‌ಕ್ಯೂ ಹಾಕಿದ ಮೇಲೂ ವಾರ್ನಿಂಗ್ ಹೋಗಲಿಲ್ಲ:

ಟೈಟಲ್ "%ಅನ್‌ಕೋಟ್(%ಸೂಪರ್‌ಕ್ಯೂ(ಸಂಸ್ಥೆ))";

ಉತ್ತರ: ಅರ್ಧವಿರಾಮ

ಶೀರ್ಷಿಕೆಯಲ್ಲಿ %ಅನ್‌ಕೋಟ್ ತೆಗೆದುಬಿಡಿ. ಡಬಲ್ ಕೋಟ್‌ಗಳನ್ನು ನೀವೇ ಟೈಪ್ ಮಾಡಿದ್ದೀರಿ, ಅವು ನಿಜವಾದ ಕೋಟ್‌ಗಳು, ಟೋಕನ್ ಸರಿಯಾಗಿಯೇ ಆಗುತ್ತದೆ. ಒಳಗಿನ ಆಂಪರ್‌ಸ್ಯಾಂಡ್‌ಗೆ ಮಾತ್ರ ಮಾಸ್ಕ್ ಬೇಕಿತ್ತು. %ಸೂಪರ್‌ಕ್ಯೂ ಅದನ್ನು ಕೊಟ್ಟಿತು, %ಅನ್‌ಕೋಟ್ ಮರುಕ್ಷಣವೇ ಕಿತ್ತುಕೊಂಡಿತು.

ಟೈಟಲ್ "%ಸೂಪರ್‌ಕ್ಯೂ(ಸಂಸ್ಥೆ)";

%ಅನ್‌ಕೋಟ್‌ಗೆ ಆರಿಸಿ ಕಳಚುವುದು ಗೊತ್ತಿಲ್ಲ. ಕೋಟ್ ಮಾತ್ರ ಬಿಡಿಸು, ಆಂಪರ್‌ಸ್ಯಾಂಡನ್ನು ಹಾಗೇ ಇಡು ಎಂದು ಹೇಳುವ ಆಪ್ಷನ್ ಇಲ್ಲ. ಶೇಕಡಾ ಚಿಹ್ನೆಯೂ ಬಿಡುಗಡೆಯಾಗುತ್ತದೆ. ಮೌಲ್ಯದಲ್ಲಿ %ವರದಿ ಎಂದಿದ್ದು ಆ ಹೆಸರಿನ ಮ್ಯಾಕ್ರೋ ಸೆಷನ್‌ನಲ್ಲಿದ್ದರೆ %ಅನ್‌ಕೋಟ್ ಅದನ್ನು ಓಡಿಸಿಯೇ ಬಿಡುತ್ತದೆ. ಡೇಟಾದಿಂದ ಬಂದ, ಏನಿದೆಯೋ ಗೊತ್ತಿಲ್ಲದ ಪಠ್ಯಕ್ಕೆ %ಅನ್‌ಕೋಟ್ ಹಾಕುವುದು ಅಪಾಯ.

ಹಾಗೆಯೇ, %ಸೂಪರ್‌ಕ್ಯೂ ಒಳಗೆ ವೇರಿಯಬಲ್‌ನ ಹೆಸರನ್ನು ಆಂಪರ್‌ಸ್ಯಾಂಡ್ ಇಲ್ಲದೆ ಬರೆಯಬೇಕು (ನೀವು ಸರಿಯಾಗಿಯೇ ಬರೆದಿದ್ದೀರಿ). %ಸೂಪರ್‌ಕ್ಯೂ(&ಸಂಸ್ಥೆ) ಎಂದರೆ ಮೊದಲು &ಸಂಸ್ಥೆ ರಿಸಾಲ್ವ್ ಆಗಿ, ಬಂದ ಮೌಲ್ಯವೇ ವೇರಿಯಬಲ್ ಹೆಸರು ಎಂದು ಹುಡುಕಲು ಹೋಗುತ್ತದೆ.

ಓ'ನೀಲ್‌ಗೆ ಬರೋಣ. %ಅನ್‌ಕೋಟ್ ನಂತರ ಸ್ಕ್ಯಾನರ್ ನೋಡುವುದು 'ಓ'ನೀಲ್' ಎಂದು. 'ಓ' ಅಷ್ಟಕ್ಕೇ ಒಂದು ಲಿಟರಲ್ ಮುಗಿಯಿತು, ನೀಲ್ ಅನಾಥ, ಕೊನೆಯ ಕೋಟ್ ಹೊಸ ಲಿಟರಲ್‌ನ ಆರಂಭ. ಸಿಂಗಲ್ ಕೋಟ್ ಒಳಗಿನ ಸಿಂಗಲ್ ಕೋಟನ್ನು ಎರಡು ಸಲ ಬರೆಯಬೇಕೆಂಬ ನಿಯಮ ಇಲ್ಲೂ ತಪ್ಪಿದ್ದಲ್ಲ. ಅದನ್ನು ಮ್ಯಾಕ್ರೋ ಫಂಕ್ಷನ್‌ಗಳಲ್ಲಿ ಹೆಣಗಾಡಿ ಮಾಡಬೇಡಿ. 9.4ರಲ್ಲಿ ಕೋಟ್ ಫಂಕ್ಷನ್‌ಗೆ ಎರಡನೇ ಆರ್ಗ್ಯುಮೆಂಟ್ ಇದೆ, ಯಾವ ಕೋಟ್ ಬೇಕು ಎಂದು ಅಲ್ಲಿ ಹೇಳಬಹುದು:

ಫಲ = %ಸಿಸ್‌ಫಂಕ್(ಕೋಟ್(%ಸೂಪರ್‌ಕ್ಯೂ(ಹೆಸರು),%ಸ್ಟ್ರ್(%')));

ಇದು 'ಓ''ನೀಲ್' ಎಂದು ಕೊಡುತ್ತದೆ. ಒಳಗೆ %ಸೂಪರ್‌ಕ್ಯೂ ಇರುವುದರಿಂದ ಮೌಲ್ಯದಲ್ಲಿ ಕಾಮಾ ಇದ್ದರೂ ಅದು ಆರ್ಗ್ಯುಮೆಂಟ್ ಬೇರ್ಪಡಿಸುವ ಕಾಮಾ ಆಗುವುದಿಲ್ಲ. ಹೊರಗೆ ಬರುವುದು %ಸಿಸ್‌ಫಂಕ್‌ನ ಫಲಿತಾಂಶ, ಅದಕ್ಕೆ ಮಾಸ್ಕ್ ಇಲ್ಲ, ಆದ್ದರಿಂದ %ಅನ್‌ಕೋಟ್ ಬೇಡ. ಎ&ಬಿ ಬಂದರೂ ಅದು ಈಗ ನಿಜವಾದ ಸಿಂಗಲ್ ಕೋಟ್ ಒಳಗಿದೆ, ಯಾರೂ ರಿಸಾಲ್ವ್ ಮಾಡಲು ಹೋಗುವುದಿಲ್ಲ. ಪಾಸ್-ಥ್ರೂ ಎಸ್‌ಕ್ಯೂಎಲ್‌ಗೂ ಇದನ್ನೇ ಕೊಡಿ. ನನ್ನ ಮಟ್ಟಿಗೆ ನಿಮ್ಮ ಮೂಲ ಪ್ರಶ್ನೆಗೂ ಇದೇ ಉತ್ತರ, %ಅನ್‌ಕೋಟ್(%ಸ್ಟ್ರ್(%'...%')) ಎಂಬ ಸರ್ಕಸ್ಸು 9.4ಕ್ಕೆ ಹಿಂದಿನವರಿಗಿರಲಿ.

ಉತ್ತರ: ವರ್ಡ್‌ಸ್ಕ್ಯಾನರ್

ಡೇಟಾದಿಂದ ಬರುವ ಮೌಲ್ಯಕ್ಕೆ ಅದೇ ಸರಿ, ಒಪ್ಪಿದೆ. ಆದರೆ %ಅನ್‌ಕೋಟ್ ಅನ್ನು ಮೂಲೆಗೆ ಹಾಕುವಂತಿಲ್ಲ. ಮೌಲ್ಯ ಒಂದು ಲಿಟರಲ್ ಆಗಿರದೆ ಕೋಡಿನ ತುಂಡೇ ಆಗಿದ್ದಾಗ ಬೇರೆ ದಾರಿ ಇಲ್ಲ. ಉದಾಹರಣೆಗೆ ಷರತ್ತನ್ನು ಪ್ಯಾರಾಮೀಟರ್ ಆಗಿ ಪಡೆಯುವ ಮ್ಯಾಕ್ರೋ:

%ಮ್ಯಾಕ್ರೋ ಸೋಸು(ಷರತ್ತು=);
  %ಇಫ್ %ಸೂಪರ್‌ಕ್ಯೂ(ಷರತ್ತು) ನೀ %ದೆನ್ %ಡು;
    ವೇರ್ %ಅನ್‌ಕೋಟ್(&ಷರತ್ತು);
  %ಎಂಡ್;
%ಮೆಂಡ್;

ಷರತ್ತು ಖಾಲಿಯಲ್ಲವೇ ಎಂದು ನೋಡುವ %ಇಫ್ ಸಾಲಿನಲ್ಲಿ (ನೀ ಎಂದರೆ ಸಮವಲ್ಲ) ಮಾಸ್ಕ್ ಬೇಕೇ ಬೇಕು. ಷರತ್ತಿನೊಳಗೆ ಆರ್, ಆಂಡ್, ಸಮ ಚಿಹ್ನೆ ಇರುತ್ತವೆ. %ಇಫ್ ಅವುಗಳನ್ನು ತನ್ನದೇ ಆಪರೇಟರ್ ಎಂದು ಲೆಕ್ಕ ಹಾಕಲು ಹೊರಡುತ್ತದೆ. ವೇರ್ ಸಾಲಿನಲ್ಲಿ ಅವೇ ನಿಜವಾದ ಆಪರೇಟರ್ ಆಗಬೇಕು. ಕರೆಯುವವರು %ಸ್ಟ್ರ್ ಹಾಕಿ ಕಳಿಸಿರಲಿ, ಹಾಗೇ ಕಳಿಸಿರಲಿ, ಈ ರಚನೆ ಎರಡಕ್ಕೂ ತಡೆಯುತ್ತದೆ, ಮಾಸ್ಕ್ ಇಲ್ಲದ ಪಠ್ಯಕ್ಕೆ %ಅನ್‌ಕೋಟ್ ಹಾಕಿದರೆ ನಷ್ಟವಿಲ್ಲ. %ಅನ್‌ಕೋಟ್ ಇಲ್ಲದೆಯೂ ಇಂಥ ವೇರ್ ಹಲವು ಸಲ ಓಡಿಬಿಡುತ್ತದೆ ಎನ್ನುವುದೇ ಕಷ್ಟ. ಆಪರೇಟರ್, ಕಾಮಾ ಒಂಟಿ ಚಿಹ್ನೆಗಳು, ಹೇಗೂ ಪ್ರತ್ಯೇಕ ಟೋಕನ್‌ಗಳೇ, ಮಾಸ್ಕ್ ತಡವಾಗಿ ಕಳಚಿದರೂ ತೊಂದರೆಯಾಗದು. ಲಿಟರಲ್‌ನ ಎರಡು ತುದಿ ಹಿಡಿದಿರುವ ಕೋಟ್ ಮಾತ್ರ ಹಾಗಲ್ಲ.

ಅಂಕಗಣಿತದಲ್ಲಿ ಇನ್ನೊಂದು ಬಗೆ. %ಲೆಟ್ ವ್ಯತ್ಯಾಸ=%ಸ್ಟ್ರ್(-5); ಎಂದಿಟ್ಟು %ಇವಾಲ್(&ವ್ಯತ್ಯಾಸ+3) ಕೇಳಿದರೆ, ಸಂಖ್ಯೆ ಬೇಕಾದಲ್ಲಿ ಅಕ್ಷರ ಸಿಕ್ಕಿತು ಎಂದು ದೂರುತ್ತದೆ. ಮೈನಸ್ ಮಾಸ್ಕ್ ಆಗಿ ಬರಿಯ ಅಕ್ಷರವಾಗಿದೆ. %ಇವಾಲ್(%ಅನ್‌ಕೋಟ್(&ವ್ಯತ್ಯಾಸ)+3) ಎಂದರೆ -2 ಬರುತ್ತದೆ.

ಉತ್ತರ: ಶೇಕಡಾ

ಕಾಲ್ ಎಕ್ಸಿಕ್ಯೂಟ್ (ಡೇಟಾ ಸ್ಟೆಪ್ ಒಳಗಿಂದ ಕೋಡ್ ಓಡಿಸುವ ರೊಟೀನ್) ಬಳಸುವವರಿಗೆ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ, ಅಲ್ಲಿ %ಅನ್‌ಕೋಟ್ ಹುಡುಕುತ್ತಾ ಕೂರಬೇಡಿ.

ಕಾಲ್ ಎಕ್ಸಿಕ್ಯೂಟ್('%ಎನ್‌ಆರ್‌ಸ್ಟ್ರ್(%ವರದಿ)(ಕ್ರಮ=' || ಸ್ಟ್ರಿಪ್(ಕ್ರಮ) || ')');

%ಎನ್‌ಆರ್‌ಸ್ಟ್ರ್ ಇಲ್ಲದಿದ್ದರೆ ಮ್ಯಾಕ್ರೋ ಆ ಕ್ಷಣವೇ, ಡೇಟಾ ಸ್ಟೆಪ್ ಓಡುತ್ತಿರುವಾಗಲೇ ಶುರುವಾಗುತ್ತದೆ. ಅದು ಹುಟ್ಟಿಸಿದ ಸ್ಟೆಪ್‌ಗಳು ಮಾತ್ರ ಸರತಿಯಲ್ಲಿ ಕಾಯುತ್ತವೆ. ಆ ಸ್ಟೆಪ್‌ಗಳಲ್ಲಿರುವ ಸಿಮ್‌ಪುಟ್‌ಎಕ್ಸ್ ಇನ್ನೂ ಓಡಿಲ್ಲ, ಅದನ್ನು ನಂಬಿದ %ಇಫ್ ಆಗಲೇ ತೀರ್ಮಾನ ಮಾಡಿಯಾಗಿದೆ, ಫಲಿತಾಂಶ ಹಳೆಯ ಮೌಲ್ಯದ್ದು. %ಎನ್‌ಆರ್‌ಸ್ಟ್ರ್ ಇದ್ದರೆ ಮ್ಯಾಕ್ರೋ ಕರೆಯೇ ಪಠ್ಯವಾಗಿ ಸರತಿಗೆ ಹೋಗುತ್ತದೆ, ಡೇಟಾ ಸ್ಟೆಪ್ ಮುಗಿದ ಮೇಲೆ ಇನ್‌ಪುಟ್ ಸ್ಟ್ಯಾಕ್‌ನಿಂದ ಹೊಸದಾಗಿ ಸ್ಕ್ಯಾನ್ ಆಗಿ ಓಡುತ್ತದೆ. ಹೊಸದಾಗಿ ಸ್ಕ್ಯಾನ್ ಆಗುವ ಕಾರಣಕ್ಕೇ ಅಲ್ಲಿ ಮಾಸ್ಕ್ ಕಳಚುವ ಕೆಲಸ ನಿಮ್ಮದಲ್ಲ.

ಇನ್ನು ಮಾಸ್ಕ್ ಹಾಕದೆಯೇ ನಿಭಾಯಿಸಬಹುದಾದದ್ದು ಬಹಳ. ಪ್ಯಾರಾಮೀಟರ್‌ನಲ್ಲಿ ಕಾಮಾ ಇರುವ ಪಟ್ಟಿಯನ್ನು ಬ್ರಾಕೆಟ್ ಸಮೇತ ಕಳಿಸಿ: ಪಟ್ಟಿ=('ಕ','ಖ'). ಬ್ರಾಕೆಟ್ ಒಳಗಿನ ಕಾಮಾ ಪ್ಯಾರಾಮೀಟರನ್ನು ಒಡೆಯುವುದಿಲ್ಲ. ಮ್ಯಾಕ್ರೋ ಒಳಗೆ ಇನ್ &ಪಟ್ಟಿ ಎಂದು ಬರೆದರಾಯಿತು. ಸ್ಯಾಸ್‌ನ ಇನ್ ಆಪರೇಟರ್‌ಗೆ ಕಾಮಾ ಬದಲು ಬರಿಯ ಖಾಲಿ ಜಾಗವೂ ನಡೆಯುತ್ತದೆ, ('ಕ' 'ಖ'). ಪಾಸ್-ಥ್ರೂ ಒಳಗೆ ಮಾತ್ರ ಕಾಮಾ ಬಿಡುವಂತಿಲ್ಲ. ಡೇಟಾ ಸ್ಟೆಪ್‌ಗೆ ಮೌಲ್ಯ ಬೇಕಿದ್ದರೆ, ಸಿಮ್‌ಪುಟ್‌ಎಕ್ಸ್‌ನಲ್ಲಿ ಇಟ್ಟದ್ದನ್ನು ಸಿಮ್‌ಗೆಟ್('ಹೆಸರು') ಎಂದು ಓಡುವ ಹೊತ್ತಿಗೆ ತೆಗೆದುಕೊಳ್ಳಿ. ಆ ಪಠ್ಯ ಸ್ಕ್ಯಾನರ್‌ನ ದಾರಿಗೇ ಬರುವುದಿಲ್ಲ, ಒಳಗೆ ಯಾವ ಚಿಹ್ನೆ ಇದ್ದರೂ ಚಿಂತೆಯಿಲ್ಲ.

ಆಂಪರ್‌ಸ್ಯಾಂಡ್:

ಕೋಟ್ ಫಂಕ್ಷನ್ ಓ'ನೀಲ್, ಎ&ಬಿ ಎರಡಕ್ಕೂ ಸರಿಯಾಯಿತು, ಪಾಸ್-ಥ್ರೂ ಕೂಡ ಓಡಿತು. ಷರತ್ತಿನ ಮ್ಯಾಕ್ರೋಗೆ %ಅನ್‌ಕೋಟ್ ಇಟ್ಟುಕೊಂಡೆ. ಈಗ ಇನ್ನೊಂದು ಸೆಷನ್‌ನಲ್ಲಿ %ಸ್ಟ್ರ್(') ಎಂದು, ಕೋಟ್‌ನ ಹಿಂದೆ ಶೇಕಡಾ ಇಲ್ಲದೆ ಬರೆದದ್ದು ಓಡಿಹೋಗಿದೆ. ಏನು ಸಬ್‌ಮಿಟ್ ಮಾಡಿದರೂ ಸೆಷನ್ ಸುಮ್ಮನಿದೆ. ಮುಚ್ಚಿ ತೆರೆದರೆ ವರ್ಕ್ ಲೈಬ್ರರಿಯ ಟೇಬಲ್‌ಗಳು ಹೋಗುತ್ತವೆ.

ಉತ್ತರ: ಲಾಗ್_ಓದುಗ

ಮುಚ್ಚಬೇಡಿ. ಒಂಟಿ ಕೋಟ್ ಶುರುವಾಗಿ ಮುಂದಿನದೆಲ್ಲ ಒಂದೇ ಸ್ಟ್ರಿಂಗ್ ಆಗಿದೆ. ಲಾಗ್‌ನಲ್ಲಿ 262 ಅಕ್ಷರ ಮೀರಿದ ಕೋಟೆಡ್ ಸ್ಟ್ರಿಂಗ್ ಎಂಬ ವಾರ್ನಿಂಗ್ ಬಂದಿದ್ದರೆ ಅದು ಇದರದ್ದೇ. ಈ ಸಾಲನ್ನು ಸಬ್‌ಮಿಟ್ ಮಾಡಿ:

;*';*";*/;ಕ್ವಿಟ್;ರನ್;

ಸಿಂಗಲ್ ಕೋಟ್, ಡಬಲ್ ಕೋಟ್, ಕಾಮೆಂಟ್, ಇವುಗಳಲ್ಲಿ ಯಾವುದು ತೆರೆದಿದ್ದರೂ ಒಂದು ತುಂಡು ಅದನ್ನು ಮುಚ್ಚುತ್ತದೆ, ಉಳಿದವು ನಕ್ಷತ್ರದ ಕಾಮೆಂಟ್ ಆಗಿ ಹೋಗುತ್ತವೆ. ನಿಮ್ಮದರಲ್ಲಿ %ಸ್ಟ್ರ್‌ನ ಬ್ರಾಕೆಟ್ ಕೂಡ ತೆರೆದೇ ಇದೆ, ಹಾಗಾಗಿ ಆಮೇಲೆ ); ಎಂದೊಂದು ಸಾಲು, ಮ್ಯಾಕ್ರೋ ಡೆಫಿನಿಷನ್ ನಡುವೆ ನಿಂತಿದ್ದರೆ %ಮೆಂಡ್; ಎಂದು ಇನ್ನೊಂದು. %ಪುಟ್ ಸರಿ; ಎಂದು ಕಳಿಸಿ ನೋಡಿ, ಲಾಗ್‌ನಲ್ಲಿ ಪದ ಬರುವ ತನಕ ಇವನ್ನೇ ಮತ್ತೆ ಕಳಿಸಿ. ಈ ನಡುವೆ ಒಂದೆರಡು ಎರರ್ ಬರುತ್ತವೆ, ಅವು ಬರಬೇಕಾದವೇ.